ಹೂವನ್ನು ನೆಚ್ಚದ ತೋಟ

ಹೂದೋಟವೆಂದೊಡನೆ ನಮ್ಮ ಮನಸ್ಸಿಗೆ ಬರುವುದು ಮಲ್ಲಿಗೆ, ಗುಲಾಬಿ, ಸೇವಂತಿಗೆ. ಆದರೆ ಹೂವು ಮನೆಗೆ ಬಂದ ನೆಂಟನಂತೆ. ನಾಲ್ಕು ದಿನವಿದ್ದು ಹೊರಟುಹೋಗುತ್ತದೆ. ಸೇವಂತಿಗೆಯ ಕಾಲ ಮುಗಿದ ಮೇಲೆ ಪಾತಿಯಲ್ಲಿ ಉಳಿಯುವುದು ಒಣಕಡ್ಡಿಯಷ್ಟೆ. ಹನ್ನೆರಡು ತಿಂಗಳೂ ತೋಟದ ಚೆಲುವನ್ನು ಹೊತ್ತು ನಿಲ್ಲುವ ಸಸ್ಯಗಳು ಬೇರೆಯೇ ಇವೆ. ಎಲೆಯ ಹರಹು, ಕಾಂಡದ ನಿಲುವು, ಒಟ್ಟು ಆಕೃತಿ, ಇವಿಷ್ಟರಿಂದಲೇ ನೋಡುವವರ ಕಣ್ಣನ್ನು ಸೆರೆಹಿಡಿಯುವ ನಿತ್ಯಹಸಿರಿನ ಗಿಡಗಳವು. ಕಟ್ಟಡಕ್ಕೆ ಕಂಬ ಕಮಾನುಗಳಿದ್ದಂತೆ ತೋಟಕ್ಕೆ ಇವು.

ಬೆಂಗಳೂರಿನ ಲಾಲ್‌ಬಾಗನ್ನು ಕಂಡವರು ಅಲ್ಲಿ ಗೋಪುರದಂತೆ ಮೇಲೇರಿರುವ ಅರಾಕೇರಿಯಾ ಮರಗಳನ್ನು ಮರೆಯಲಾರರು. ಶಾಂತಸಾಗರದ ನ್ಯೂ ಕ್ಯಾಲಿಡೋನಿಯಾ ದ್ವೀಪ ಇವುಗಳ ತೌರು. ಅಲ್ಲಿ ಇವು 60 ಮೀಟರ್‌ವರೆಗೂ ಬೆಳೆಯುತ್ತವೆ. ಇವುಗಳದೊಂದು ವಿಚಿತ್ರ ಸ್ವಭಾವವನ್ನು ವಿಜ್ಞಾನಿಗಳು 2017ರಲ್ಲಿ ಪ್ರಕಟಪಡಿಸಿದರು: ಈ ಮರಗಳು ಸಾಮಾನ್ಯವಾಗಿ ಭೂಮಧ್ಯರೇಖೆಯ ಕಡೆಗೆ ವಾಲಿ ಬೆಳೆಯುತ್ತವೆ, ಉತ್ತರಾರ್ಧಗೋಳದಲ್ಲಿ ದಕ್ಷಿಣಕ್ಕೆ, ದಕ್ಷಿಣಾರ್ಧಗೋಳದಲ್ಲಿ ಉತ್ತರಕ್ಕೆ. ಇಂಥ ಮರವನ್ನೇ ನರ್ಸರಿಗಳಲ್ಲಿ ಕ್ರಿಸ್‌ಮಸ್ ಗಿಡವೆಂದು ಮೊಳದೆತ್ತರದ ಕುಂಡದಲ್ಲಿ ಮಾರುತ್ತಾರೆ. 30-40 ಅಡಿಯ ನಿವೇಶನದಲ್ಲಿ ಮನೆ ಕಟ್ಟಿದವರು ಅದರ ಮುದ್ದು ರೂಪಕ್ಕೆ ಮನಸೋತು ಬಾಗಿಲ ಮುಂದೆ ನೆಡುತ್ತಾರೆ. ವರ್ಷಗಳು ಉರುಳಿದ ಮೇಲೆ ಅದು ಮಾಳಿಗೆಯನ್ನು ಮೀರಿ ವಿದ್ಯುತ್ ತಂತಿಗೆ ತಾಗುತ್ತದೆ. ತುದಿ ಕತ್ತರಿಸಿದರೆ ಆಕೃತಿ ಕೆಟ್ಟಿತು; ಆಕೃತಿ ಕೆಟ್ಟಮೇಲೆ ಆ ಮರದಲ್ಲಿ ಉಳಿದುದೇನು? ಕೊನೆಗೆ ಕೊಡಲಿಯೇ ಗತಿ. ಗುಲಾಬಿಯನ್ನು ತಪ್ಪಾದ ಜಾಗದಲ್ಲಿ ನೆಟ್ಟರೆ ಕಿತ್ತು ಬೇರೆಡೆ ನೆಡಬಹುದು. ಮರಕ್ಕೆ ಆ ಅವಕಾಶವಿಲ್ಲ. ಆದ್ದರಿಂದ ಸಸಿಯನ್ನು ಕೊಳ್ಳುವಾಗಲೇ ಬೆಳೆದ ಮರವನ್ನು ಕಣ್ಣಮುಂದೆ ತಂದುಕೊಳ್ಳಬೇಕು.

ಮಡಗಾಸ್ಕರಿನಿಂದ ಬಂದ ಟ್ರಾವೆಲರ್ಸ್ ಪಾಮ್ ಇನ್ನೊಂದು ಉದಾಹರಣೆ. ಹೆಸರಿಗೆ ತಾಳೆಯಾದರೂ ಅದು ತಾಳೆಯ ಕುಲದ್ದಲ್ಲ. ಬಾಳೆಯಂಥ ಎಲೆಗಳು ಒಂದೇ ಸಾಲಿನಲ್ಲಿ ಬೀಸಣಿಗೆಯಂತೆ ಹರಡಿಕೊಳ್ಳುತ್ತವೆ. ಎಲೆದಂಟಿನ ಬುಡದಲ್ಲಿ ಮಳೆನೀರು ನಿಲ್ಲುವುದರಿಂದ, ದಾರಿಹೋಕರ ದಾಹ ತಣಿಸುವ ಮರವೆಂಬ ಹೆಸರು ಬಂದಿತು. ಅದರ ಬೀಜಗಳಿಗೆ ಅಚ್ಚನೀಲಿಯ ಹೊದಿಕೆಯುಂಟು. ಈ ಬೀಸಣಿಗೆಯ ಸೊಬಗು ಎದುರಿನಿಂದ ಮಾತ್ರ. ಪಕ್ಕದಿಂದ ನೋಡಿದರೆ ಅದು ಬರಿಯ ಕಂಬ. ಹಿಂದೆ ಬಿಳಿಯ ಗೋಡೆ, ಮುಂದೆ ಒಂದಿಷ್ಟು ಹುಲ್ಲುಹಾಸು, ನೋಡುವವರು ನಿಲ್ಲಲು ದೂರ, ಇಷ್ಟೂ ಒದಗಿದರೆ ಮಾತ್ರ ಅದಕ್ಕೆ ಶೋಭೆ. ಬಿರುಗಾಳಿ ಬೀಸುವೆಡೆ ಎಲೆಗಳು ಬಾಳೆಯೆಲೆಯಂತೆಯೇ ಸೀಳಿಹೋಗುತ್ತವೆ.

ಸೈಕಸ್ ಗಿಡ ನಿಧಾನವಾಗಿ ಬೆಳೆಯುವುದರಿಂದ ಸಣ್ಣ ಅಂಗಳಕ್ಕೆ ಒಪ್ಪುತ್ತದೆ. ಆದರೆ ಅದರ ಬೀಜ ವಿಷ. ಮಕ್ಕಳೂ ನಾಯಿಯೂ ಇರುವ ಮನೆಯವರು ಎಚ್ಚರದಿಂದಿರಬೇಕು.

ಚಳಿನಾಡಿನವರು ಇಂಥ ಸಸ್ಯಗಳಿಗಾಗಿ ಪಟ್ಟ ಪಾಡು ಅಷ್ಟಿಷ್ಟಲ್ಲ. ಲಂಡನ್ ಬಳಿಯ ಕ್ಯೂ ಉದ್ಯಾನದಲ್ಲಿ ತಾಳೆಗಳಿಗೆಂದೇ ಕಬ್ಬಿಣ ಗಾಜುಗಳ ಒಂದು ಮನೆಯನ್ನು 1848ರ ವೇಳೆಗೆ ಕಟ್ಟಿ ಮುಗಿಸಿ, ಅದನ್ನು ಬೆಚ್ಚಗಿಡಲು ಏರ್ಪಾಡು ಮಾಡಿದರು. ದಕ್ಷಿಣ ಆಫ್ರಿಕದಿಂದ 1775ರಲ್ಲಿ ಹಡಗಿನಲ್ಲಿ ಬಂದ ಸೈಕಸ್ ಬಳಗದ ಗಿಡವೊಂದು ಅಲ್ಲಿ ಇಂದಿಗೂ ಜೀವಂತವಾಗಿದೆ. ನಮ್ಮ ಬಯಲಿನಲ್ಲಿ ಪುಕ್ಕಟೆ ಬಿಸಿಲುಂಡು ಬೆಳೆಯುವುದನ್ನು ಅವರು ಗಾಜಿನೊಳಗಿಟ್ಟು ಸಾಕಿದರು.

ಈ ಗಾಜಿನ ಮನೆಗಳಿಂದಲೇ ಒಬ್ಬ ಕಲಾವಿದನ ಕಣ್ಣು ತೆರೆಯಿತು. ಬ್ರೆಜಿಲ್ ದೇಶದ ರಾಬರ್ಟೊ ಬುರ್ಲೆ ಮಾರ್ಕ್ಸ್ (1909–1994) ಹತ್ತೊಂಬತ್ತರ ತರುಣನಾಗಿ ಬರ್ಲಿನ್ನಿಗೆ ಹೋಗಿದ್ದಾಗ, ಡಾಲೆಮ್ ಸಸ್ಯೋದ್ಯಾನದಲ್ಲಿ ತನ್ನ ನಾಡಿನ ಕಾಡುಗಿಡಗಳನ್ನು ಕಂಡು ಬೆರಗಾದ. ಊರಿನಲ್ಲಿ ಅವನ ಜನರು ಯೂರೋಪಿನ ಹೂಗಿಡಗಳನ್ನು ಬೆಳೆಸುತ್ತಿದ್ದರು. ಯೂರೋಪು ಅವನ ಊರಿನ ಕಳೆಯನ್ನು ಪೂಜಿಸುತ್ತಿತ್ತು! ಹಿಂದಿರುಗಿ ಬಂದವನು ಆ ಕಾಡುಗಿಡಗಳಿಂದಲೇ ತೋಟಗಳನ್ನು ರಚಿಸಿ ಜಗತ್ಪ್ರಸಿದ್ಧನಾದ. ರಿಯೊ ನಗರದಲ್ಲಿ ಅವನು ಬೆಳೆಸಿದ ತೋಟ 2021ರಲ್ಲಿ ಯುನೆಸ್ಕೋದ ವಿಶ್ವಪರಂಪರೆಯ ಪಟ್ಟಿಗೆ ಸೇರಿತು. ಜಾತಿಗೊಂದರಂತೆ ಗಿಡ ನೆಟ್ಟು ತೋಟವನ್ನು ಸಂತೆಯಾಗಿಸುವುದು ಅವನ ಪದ್ಧತಿಯಲ್ಲ. ಒಂದೇ ಬಗೆಯ ಎಲೆಯನ್ನು ಹಾಸುಹಾಸಾಗಿ ಹರಡಿ, ಅದರ ನಡುವೆ ಒಂದೆರಡು ಎತ್ತರದ ಆಕೃತಿಗಳನ್ನು ನಿಲ್ಲಿಸುತ್ತಿದ್ದ.

ನಮ್ಮಲ್ಲಿಯೂ ಇಂಥ ಸಾಮಗ್ರಿಗೆ ಕೊರತೆಯಿಲ್ಲ. ಕೇದಗೆಯನ್ನೇ ನೋಡಿ: ತಿರುಪಿನಂತೆ ಸುತ್ತಿ ಏರುವ ಎಲೆಗಳು, ಊರುಗೋಲಿನಂಥ ಬೇರುಗಳು. ಹಾವು ಬರುವುದೆಂಬ ಅಂಜಿಕೆಯಿಂದ ಮನೆಯ ಬಳಿ ಅದನ್ನು ಸೇರಿಸುವವರು ಕಡಮೆ. ಅಂಚಿನ ಮುಳ್ಳಿಗೆ ಅಂಜಿದರೆ ಅದೂ ನ್ಯಾಯವೇ. ಹೊಲದ ಬೇಲಿಗೆ ನೆಡುವ ಕತ್ತಾಳೆ ಮೆಕ್ಸಿಕೋ ಕಡೆಯಿಂದ ಬಂದದ್ದು. ಅಗ್ಗದ್ದೆಂಬ ಕಾರಣಕ್ಕೆ ನಾವು ಅದನ್ನು ಅಂಗಳಕ್ಕೆ ತರುವುದಿಲ್ಲ. ಆದರೆ ನೀರಿನ ಅಭಾವವಿರುವ ಊರಿನಲ್ಲಿ ಹುಲ್ಲುಹಾಸಿಗೆ ಕೊಳವೆ ಹಿಡಿಯುವುದಕ್ಕಿಂತ, ಜಲ್ಲಿಕಲ್ಲಿನ ನಡುವೆ ಎರಡು ಕತ್ತಾಳೆ ನಿಲ್ಲಿಸುವುದೇ ಮೇಲು. ಓಡಾಡುವ ದಾರಿಯಿಂದ ದೂರವಿದ್ದರಾಯಿತು.

ಇವೆಲ್ಲಕ್ಕೂ ಮಿಗಿಲಾದದ್ದು ಮಲೆನಾಡಿನ ಬೈನೆ. ಮೀನಿನ ಬಾಲದಂಥ ಎಲೆ, ಕುದುರೆಯ ಬಾಲದಂತೆ ಇಳಿಬೀಳುವ ಹೂಗೊಂಚಲು. ಯಾವ ವಿದೇಶದ ಗಿಡಕ್ಕೂ ಕಡಮೆಯಲ್ಲದ ಠೀವಿ. ಹಣ್ಣಿನ ರಸ ತಾಗಿದರೆ ಮೈ ತುರಿಸುತ್ತದಾದ್ದರಿಂದ ಬಾಗಿಲಿನಿಂದ ದೂರವಿಡಬೇಕು. ಅದರ ಹೂಗೊಂಚಲುಗಳು ಮೊದಲು ತುದಿಯಲ್ಲಿ ಮೂಡಿ ವರ್ಷ ವರ್ಷವೂ ಕೆಳಕೆಳಗಿಳಿದು ಬರುತ್ತವೆ. ಕಡೆಯ ಗೊಂಚಲು ಮುಗಿಯಿತೆಂದರೆ ಮರದ ಆಯುಷ್ಯವೂ ಮುಗಿಯಿತು. ಮೊದಲ ಗೊಂಚಲು ಕಂಡ ವರ್ಷವೇ ಪಕ್ಕದಲ್ಲಿ ಇನ್ನೊಂದು ಸಸಿ ನೆಟ್ಟಿದ್ದರೆ ಹಳೆಯ ಮರ ಬೀಳುವ ವೇಳೆಗೆ ಹೊಸದು ಆಳೆತ್ತರ ಮೀರಿರುತ್ತದೆ.