ನಮ್ಮೂರಿಗೊಂದು ಸ್ವಂತ ಜಾಲತಾಣ

2025ರ ಜೂನ್‌ನಲ್ಲಿ ಇಟಲಿಯ ಪ್ರಾಡಾ ಕಂಪನಿ ಮಿಲಾನ್‌ನ ಫ್ಯಾಷನ್ ಪ್ರದರ್ಶನದಲ್ಲಿ ಕೊಲ್ಹಾಪುರಿಯಂಥದೇ ಚಪ್ಪಲಿಯನ್ನು ಮೆರೆಸಿತು. ಮೂಲ ಯಾವುದೆಂದು ಹೇಳಿರಲಿಲ್ಲ. ಗದ್ದಲವಾದ ಮೇಲೆ ಭಾರತದ ಕುಶಲಕರ್ಮಿಗಳಿಂದ ಪ್ರೇರಣೆ ಪಡೆದದ್ದನ್ನು ಒಪ್ಪಿಕೊಂಡಿತು. ಆಗ ಕರ್ನಾಟಕದ ಸಚಿವ ಪ್ರಿಯಾಂಕ್ ಖರ್ಗೆ, ಈ ಚಪ್ಪಲಿ ಮಾಡುವ ಬಹಳಷ್ಟು ಜನ ಇರುವುದು ಅಥಣಿ, ನಿಪ್ಪಾಣಿ, ಚಿಕ್ಕೋಡಿ, ರಾಯಬಾಗದ ಕಡೆ ಎಂದು ನೆನಪಿಸಬೇಕಾಯಿತು. ಕೊಲ್ಹಾಪುರಿ ಚಪ್ಪಲಿಯ ಭೌಗೋಳಿಕ ಗುರುತು (ಜಿಐ) ಮಹಾರಾಷ್ಟ್ರ, ಕರ್ನಾಟಕ ಎರಡಕ್ಕೂ ಸೇರಿದ್ದು, ಈ ಊರುಗಳಿರುವ ಬೆಳಗಾವಿ ಜಿಲ್ಲೆಯೂ ಅದರೊಳಗಿದೆ. ಆದರೂ ಸಚಿವರೇ ಬಾಯಿಬಿಟ್ಟು ಹೇಳುವತನಕ ಅಥಣಿಯ ಹೆಸರು ಮುಂದೆ ಬರಲಿಲ್ಲವಲ್ಲ, ಆ ಸಂಕಟವೇ ಈ ಲೇಖನ ಬರೆಸುತ್ತಿದೆ. ನಮ್ಮೂರಿನ ವಿಷಯವನ್ನು ನಮ್ಮದೇ ಜಾಲತಾಣದಲ್ಲಿ ನಾವೇ ಬರೆದಿಡಬೇಕು.

ಇಂಟರ್‌ನೆಟ್ ಹೊಸದಾಗಿದ್ದಾಗ ಜನ ತಮ್ಮ ಪುಟವನ್ನು ತಾವೇ ಕಟ್ಟುತ್ತಿದ್ದರು. ಅಂಚೆಚೀಟಿಯ ಹುಚ್ಚಿದ್ದವರು ಅದರ ಬಗ್ಗೆ, ಊರಿನ ಮೇಲೆ ಪ್ರೀತಿಯಿದ್ದವರು ಊರಿನ ಬಗ್ಗೆ. ಒಂದು ಪುಟದ ಕೊಂಡಿ ಹಿಡಿದು ಹೋದರೆ ಇನ್ನೊಬ್ಬರ ಮನೆಯಂಗಳ ಸಿಗುತ್ತಿತ್ತು. 1994ರಲ್ಲಿ ಶುರುವಾದ ಜಿಯೋಸಿಟೀಸ್‌ನಲ್ಲಿ ಇಂಥ ಲಕ್ಷಾಂತರ ಪುಟಗಳಿದ್ದವು. ಯಾಹೂ ಅದನ್ನು ಕೊಂಡು 2009ರಲ್ಲಿ ಮುಚ್ಚಿತು. ಸ್ವಯಂಸೇವಕರು ಬಾಚಿ ಉಳಿಸಿಕೊಂಡದ್ದಷ್ಟೇ ಉಳಿಯಿತು. ನಾಲ್ಕೇ ವರ್ಷಕ್ಕೆ, 2013ರಲ್ಲಿ, ಕೈಲ್ ಡ್ರೇಕ್ ಎಂಬಾತ ಅದೇ ಉಮೇದಿನಿಂದ ನಿಯೋಸಿಟೀಸ್ ಆರಂಭಿಸಿದ. ಬರೆದದ್ದು ಮೊದಲು ಸ್ವಂತ ತಾಣದಲ್ಲಿರಲಿ, ಆಮೇಲೆ ಬೇರೆಡೆ ಹೋಗಲಿ ಎನ್ನುವವರ ಬಳಗವೇ ಇಂದಿನ ಇಂಡಿ ವೆಬ್.

ಕನ್ನಡದಲ್ಲಿ ಈ ಕೆಲಸ ಬಹಳ ಬೇಗ ಶುರುವಾಯಿತು. 1996ರಲ್ಲೇ ಯು.ಬಿ. ಪವನಜ ಅವರು 'ವಿಶ್ವಕನ್ನಡ' ಅಂತರಜಾಲ ಪತ್ರಿಕೆ ತಂದರು. ಆಗಿನ ತೊಡಕು ಇಂದಿನವರಿಗೆ ಊಹಿಸುವುದೂ ಕಷ್ಟ. ಒಂದೊಂದು ಕನ್ನಡ ತಾಣಕ್ಕೆ ಒಂದೊಂದು ಫಾಂಟು. ಅದನ್ನು ಇಳಿಸಿಕೊಳ್ಳದಿದ್ದರೆ ತೆರೆಯ ಮೇಲೆ ಅರ್ಥವಿಲ್ಲದ ಚಿಹ್ನೆಗಳ ರಾಶಿ. ಕಂಪ್ಯೂಟರಿನ ಪಾಲಿಗೆ ಅದು ಕನ್ನಡವೇ ಅಲ್ಲವಾದ್ದರಿಂದ ಹುಡುಕಿದರೂ ಸಿಗುತ್ತಿರಲಿಲ್ಲ. ಪ್ರತಿ ಅಕ್ಷರಕ್ಕೂ ಎಲ್ಲೆಡೆ ಒಂದೇ ಸಂಕೇತ ಕೊಡುವ ಯುನಿಕೋಡ್ ಬಳಕೆಗೆ ಬಂದ ಮೇಲೆ ಈ ತಾಪತ್ರಯ ತಪ್ಪಿತು. ಆ ಕಾಲದ ಪುಟ ನೋಡಬೇಕೆಂದರೆ ಇಂಟರ್‌ನೆಟ್ ಆರ್ಕೈವ್‌ನ ವೇಬ್ಯಾಕ್ ಮಷಿನ್‌ಗೆ ತಾಣದ ವಿಳಾಸ ಕೊಟ್ಟು, ವರ್ಷ ಆರಿಸಬೇಕು.

ನನಗೆ ಅತಿ ಪ್ರಿಯವಾದ ಕನ್ನಡ ತಾಣ 'ಅಲರ್'. ವಿ. ಕೃಷ್ಣ ಅವರು ದಶಕಗಳ ಕಾಲ ಒಬ್ಬರೇ ದುಡಿದು ಕಟ್ಟಿದ ಕನ್ನಡ–ಇಂಗ್ಲಿಷ್ ನಿಘಂಟು ಅದು. ಒಂದೂವರೆ ಲಕ್ಷಕ್ಕೂ ಹೆಚ್ಚು ಪದಗಳಿವೆ. ತಂತ್ರಜ್ಞ ಕೈಲಾಶ್ ನಾಧ್ 2019ರಲ್ಲಿ ಅದನ್ನು ಜಾಲಕ್ಕೆ ತಂದರು. ಪುಟದಲ್ಲಿ ಆಡಂಬರವಿಲ್ಲ. ಪದ ಹಾಕಿದರೆ ಅರ್ಥ ಸಿಗುತ್ತದೆ. ಪದಕೋಶದ ದತ್ತಾಂಶವನ್ನೂ ಮುಕ್ತವಾಗಿ ಬಿಟ್ಟಿದ್ದಾರೆ. ಒಬ್ಬ ಮನುಷ್ಯನ ನಿಷ್ಠೆ ಇಷ್ಟು ದೊಡ್ಡದನ್ನು ಕೊಡಬಲ್ಲದು.

ಇಂಥ ಹಳೆಯ ರೀತಿಯ ತಾಣಗಳನ್ನೇ ಹುಡುಕಿಕೊಡಲು ವೈಬಿ, ಮಾರ್ಜಿನಾಲಿಯಾ ಎಂಬ ಶೋಧಯಂತ್ರಗಳಿವೆ. ಇಂಗ್ಲಿಷಿನಲ್ಲಿ ಅವು ಚೆನ್ನಾಗಿ ದಾರಿ ತೋರುತ್ತವೆ. ಕನ್ನಡದಲ್ಲಿ ಒಬ್ಬರ ಪುಟದಿಂದ ಮತ್ತೊಬ್ಬರ ಪುಟಕ್ಕೆ ಕೊಂಡಿ ಕೊಡುವ ಅಭ್ಯಾಸವನ್ನು ನಾವೇ ಬೆಳೆಸಬೇಕು.

ನಮ್ಮ ಕಡೆ ಬರೆಯಲು ಸರಕಿಗೇನು ಬರ? ಕಾಪಶಿ, ಪುಕರಿ, ಕಚಕಡಿ ಎಂಬ ಚಪ್ಪಲಿ ಬಗೆಗಳಿವೆ. ಜಾಲಿ ತೊಗಟೆ, ಅಳಲೆಕಾಯಿಯಲ್ಲಿ ತೊಗಲು ಹದ ಮಾಡುವ ವಿದ್ಯೆ ಹಿರಿಯರ ಕೈಯಲ್ಲಿದೆ. ನಿಪ್ಪಾಣಿಗೆ ತಂಬಾಕಿನ ಕಥೆಯಿದೆ. ಚಿಂಚಲಿ ಮಾಯಕ್ಕನ ಜಾತ್ರೆಗೆ ಮಹಾರಾಷ್ಟ್ರದಿಂದ ಚಕ್ಕಡಿ ಕಟ್ಟಿಕೊಂಡು ಬರುವ ಭಕ್ತರಿದ್ದಾರೆ. 2005ರಲ್ಲಿ, ಮತ್ತೆ 2019ರಲ್ಲಿ ಕೃಷ್ಣೆಯ ನೆರೆ ಕಾಗವಾಡ, ಅಥಣಿ, ಚಿಕ್ಕೋಡಿ, ರಾಯಬಾಗದ ಹೊಳೆದಂಡೆಯ ಊರುಗಳನ್ನು ನುಂಗಿತ್ತು. ಎರಡನೆಯ ನೆರೆಯ ಫೋಟೋಗಳು ವಾಟ್ಸ್ಆ್ಯಪ್‌ನಲ್ಲಿ ಹರಿದಾಡಿದವು. ಫೋನು ಬದಲಾದಂತೆ ಅಳಿಸಿಹೋಗುತ್ತಿವೆ. ಯಾವ ಊರಲ್ಲಿ ನೀರು ಎಲ್ಲಿತನಕ ಬಂದಿತ್ತು ಎಂದು ಬರೆದಿಟ್ಟರೆ ಮುಂದಿನ ನೆರೆಯಲ್ಲಿ ಜೀವ ಉಳಿದೀತು.

ನಿಯೋಸಿಟೀಸ್‌ನಲ್ಲಿ 1 ಜಿಬಿ ಜಾಗ ಉಚಿತ. ಯುನಿಕೋಡ್ ಕನ್ನಡದಲ್ಲಿ ಬರೆಯಿರಿ, ಶೀರ್ಷಿಕೆಯಲ್ಲೇ ಊರಿನ ಹೆಸರು ಹಾಕಿ, ಫೋಟೋಗೆ ತಾರೀಖು ಕೊಡಿ, ಒಂದು ಪ್ರತಿ ಮನೆಯಲ್ಲೂ ಇಟ್ಟುಕೊಳ್ಳಿ. ದೀಪಾವಳಿ ರಜೆಗೆ ಊರಿಗೆ ಬರುವ ಮಕ್ಕಳನ್ನು ಅಜ್ಜ, ಅಜ್ಜಿಯರ ಪಕ್ಕ ಕೂಡಿಸಿ ಮೊದಲ ಪುಟ ಬರೆಸಿ.