ಗೇರ್ ಯಾರ ಕೈಯಲ್ಲಿ?

ಕೆಎ-64 ಫಲಕದ ಗಾಡಿ ಕಂಡರೆ ಅದು ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಈ ನಾಲ್ಕು ತಾಲ್ಲೂಕುಗಳಲ್ಲಿ ಒಂದರದ್ದು ಎಂದು ತಿಳಿಯಬಹುದು. ನಾಲ್ಕಕ್ಕೂ ಮಧುಗಿರಿಯದೇ ಸಾರಿಗೆ ಕಚೇರಿ. ಈ ಸೀಮೆಯಲ್ಲಿ ಗಾಡಿ ಕಲಿಯುವುದೆಂದರೆ ಎಡಗಾಲಿಗೆ ಕ್ಲಚ್ಚು, ಎಡಗೈಗೆ ಗೇರು ಕಲಿಸುವುದು. ಕಡಲೆಕಾಯಿ ಮೂಟೆ ಹೇರಿದ ಹಳೆಯ ಲಾರಿಯಲ್ಲಿ ಡಬಲ್ ಕ್ಲಚ್ ಹೊಡೆದು ಗೇರ್ ಇಳಿಸಿದ ತಲೆಮಾರಿಗೆ, ತಾನಾಗಿ ಗೇರ್ ಬದಲಿಸಿಕೊಳ್ಳುವ ಕಾರಿನ ಮೇಲೆ ಇಂದಿಗೂ ಪೂರ್ತಿ ನಂಬಿಕೆ ಬಂದಿಲ್ಲ. ಆದರೂ ಕಾರು ಬಂದಿದೆ. 2014ರಲ್ಲಿ ಮಾರುತಿ ಸೆಲೆರಿಯೊ ಎಎಂಟಿ ಗೇರ್‌ಬಾಕ್ಸಿನೊಂದಿಗೆ ಮಾರುಕಟ್ಟೆಗಿಳಿದ ಮೇಲೆ ಆಟೋಮ್ಯಾಟಿಕ್ ಎಂಬುದು ಸಿರಿವಂತರ ಸೊತ್ತಾಗಿ ಉಳಿಯಲಿಲ್ಲ.

ದೇವರಾಯನದುರ್ಗದ ತಿರುವುಗಳಲ್ಲಿ ಇಳಿಯುವಾಗ ಈ ಅಪನಂಬಿಕೆಗೆ ಕಾರಣವೂ ಸಿಗುತ್ತದೆ. ಚಾಲಕ ಆಕ್ಸಿಲರೇಟರಿನಿಂದ ಕಾಲು ತೆಗೆಯುತ್ತಾನೆ. ಹಳೆಯ ಬಗೆಯ ಆಟೋಮ್ಯಾಟಿಕ್ ಇದನ್ನು ‘ಇನ್ನು ಎಂಜಿನ್ನಿಗೆ ಕೆಲಸ ಕಡಿಮೆ’ ಎಂದು ತಿಳಿದು ಮೇಲಿನ ಗೇರಿಗೆ ಹೋಗುತ್ತದೆ. ಚಾಲಕನಿಗೆ ಬೇಕಿದ್ದದ್ದು ಅದರ ತದ್ವಿರುದ್ಧ: ಎರಡರಲ್ಲೇ ನಿಂತು ಎಂಜಿನ್ನೇ ಗಾಡಿಯನ್ನು ಹಿಡಿಯಬೇಕು, ಬ್ರೇಕ್ ಕಾಯಬಾರದು. ಇಂಥ ಪೆಟ್ಟಿಗೆಯ ಬುದ್ಧಿಯನ್ನು ಕಳಚಿ, ಲಿವರ್ ಎಲ್ಲಿದೆಯೋ ಅದೇ ಗೇರು ಎಂಬಂತೆ ಮಾಡುವ ಕಸುಬೊಂದಿದೆ. ಅದಕ್ಕೆ ಗ್ಯಾರೇಜಿನ ಭಾಷೆಯಲ್ಲಿ ಫುಲ್ ಮ್ಯಾನ್ಯುವಲ್ ವಾಲ್ವ್ ಬಾಡಿ ಎನ್ನುತ್ತಾರೆ. ಕ್ಲಚ್ ಪೆಡಲ್ ಇದರಲ್ಲೂ ಇರುವುದಿಲ್ಲ. ಎಂಜಿನ್ನಿಗೂ ಗೇರಿಗೂ ನಡುವೆ ಎಣ್ಣೆಯಲ್ಲಿ ತಿರುಗುವ ಟಾರ್ಕ್ ಕನ್ವರ್ಟರ್ ಹಾಗೆಯೇ ಉಳಿಯುತ್ತದೆ. ಬದಲಾಗುವುದು ನಿರ್ಧಾರ ಯಾರದು ಎಂಬುದಷ್ಟೇ.

ಕಂಪ್ಯೂಟರ್ ಇಲ್ಲದ ಕಾಲದಲ್ಲಿ ಈ ನಿರ್ಧಾರವನ್ನು ಎಣ್ಣೆಯೇ ಮಾಡುತ್ತಿತ್ತು. ಗೇರ್‌ಬಾಕ್ಸಿನ ತಳದ ತಟ್ಟೆ ಬಿಚ್ಚಿದರೆ ಅಂಗೈಯಗಲದ ಅಲ್ಯೂಮಿನಿಯಂ ಎರಕವೊಂದು ಸಿಗುತ್ತದೆ. ಅದರೊಳಗೆಲ್ಲ ಸೀಳು ಕಾಲುವೆಗಳು, ನಡುನಡುವೆ ಬೆರಳುದ್ದದ ಉಕ್ಕಿನ ವಾಲ್ವುಗಳು. ಗಾಡಿಯ ವೇಗ ಏರಿದಂತೆ ಗವರ್ನರ್ ಎಂಬ ತಿರುಗುವ ತೂಕ ಒಂದು ಕಡೆಯಿಂದ ಎಣ್ಣೆಯ ಒತ್ತಡ ಹೆಚ್ಚಿಸುತ್ತದೆ. ಆಕ್ಸಿಲರೇಟರ್ ಒತ್ತಿದಷ್ಟೂ ಇನ್ನೊಂದು ಕಡೆಯಿಂದ ಎದುರೊತ್ತಡ ಬರುತ್ತದೆ, ಅದಕ್ಕೊಂದು ಸ್ಪ್ರಿಂಗಿನ ಬೆಂಬಲ. ಗವರ್ನರ್ ಗೆದ್ದರೆ ವಾಲ್ವ್ ಜಾರಿ ಮೇಲಿನ ಗೇರಿನ ಕ್ಲಚ್ಚುಗಳಿಗೆ ಎಣ್ಣೆ ನುಗ್ಗುತ್ತದೆ. ಈ ಬಯಲುಸೀಮೆಯ ಕೆರೆ ಬಲ್ಲವರಿಗೆ ಇದು ಹೊಸದಲ್ಲ: ಯಾವ ಕಾಲುವೆಗೆ ಯಾವಾಗ ನೀರು ಬಿಡಬೇಕೆಂದು ತೂಬಿನ ಬಳಿ ನಿರ್ಧರಿಸುವ ನೀರುಗಂಟಿಯ ಕೆಲಸವನ್ನೇ ಈ ವಾಲ್ವುಗಳು ಮಾಡುತ್ತವೆ. ಮ್ಯಾನ್ಯುವಲ್ ಮಾಡುವುದೆಂದರೆ ಅವನನ್ನು ಮನೆಗೆ ಕಳಿಸಿ ತೂಬಿನ ಹಿಡಿಯನ್ನು ರೈತನ ಕೈಗೇ ಕೊಡುವುದು.

ಮಾಡುವುದು ಹೇಗೆ? ಗವರ್ನರ್ ಒತ್ತಡದ ದಾರಿಯನ್ನು ಮುಚ್ಚಬೇಕು, ಆಕ್ಸಿಲರೇಟರಿನಿಂದ ಬರುವ ದಾರಿಯನ್ನೂ ಮುಚ್ಚಬೇಕು. ಲಿವರಿಗೆ ಜೋಡಿಸಿದ ಮುಖ್ಯ ವಾಲ್ವ್ ಒಂದೊಂದು ಸ್ಥಾನದಲ್ಲೂ ಪಂಪಿನ ಒತ್ತಡವನ್ನು ನೇರವಾಗಿ ಆಯಾ ಗೇರಿನ ಕ್ಲಚ್ಚಿಗೆ ತಲುಪಿಸುವಂತೆ ಕಾಲುವೆಗಳನ್ನು ಬದಲಿಸಬೇಕು. ಇದಕ್ಕಾಗಿ ಎರಡು ಎರಕಗಳ ನಡುವಿನ ತೂತುಗಳ ತಗಡಿನಲ್ಲಿ ಕೆಲವು ರಂಧ್ರ ಹಿಗ್ಗಿಸುತ್ತಾರೆ, ಕೆಲವನ್ನು ಮುಚ್ಚುತ್ತಾರೆ, ಕೆಲವು ಉಕ್ಕಿನ ಗುಂಡುಗಳನ್ನು ತೆಗೆಯುತ್ತಾರೆ, ಒತ್ತಡ ನಿಯಂತ್ರಿಸುವ ಸ್ಪ್ರಿಂಗನ್ನು ಗಟ್ಟಿಯದಕ್ಕೆ ಬದಲಿಸುತ್ತಾರೆ. ಕೇಳಲು ಸುಲಭ. ವಾಲ್ವಿಗೂ ಅದರ ರಂಧ್ರಕ್ಕೂ ನಡುವಿನ ಸಂದು ತಲೆಗೂದಲಿಗಿಂತ ತೆಳು. ಒರೆಸುವ ಬಟ್ಟೆಯ ಒಂದು ನೂಲು ಒಳಗುಳಿದರೂ ವಾಲ್ವ್ ಸಿಕ್ಕಿಕೊಳ್ಳುತ್ತದೆ. ಹಾಗಾಗಿ ಈ ಕೆಲಸ ಕಲಿಯುವವನಿಗೆ ಮೊದಲ ಪಾಠ ಮೇಜು ತೊಳೆಯುವುದು. ಎರಡನೆಯದು, ಬಿಚ್ಚಿದ ಕ್ರಮದಲ್ಲೇ ಸಾಲಾಗಿ ಇಡುವುದು. ನೋಡಲು ಒಂದೇ ಬಗೆಯ ಸ್ಪ್ರಿಂಗುಗಳು ಬಲದಲ್ಲಿ ಬೇರೆಯಾಗಿರುತ್ತವೆ. ಧೂಳು ಹಾರುವ ಹೆದ್ದಾರಿ ಬದಿಯ ಶೆಡ್ಡಿನಲ್ಲಿ ಪಿಸ್ಟನ್ ರಿಂಗ್ ಬದಲಿಸಬಹುದು, ವಾಲ್ವ್ ಬಾಡಿ ಮುಟ್ಟಬಾರದು.

ಈ ಕಸುಬು ಹುಟ್ಟಿದ್ದು ಅಮೆರಿಕದಲ್ಲಿ. ಪೂರ್ಣ ಆಟೋಮ್ಯಾಟಿಕ್ ಗೇರ್‌ಬಾಕ್ಸ್ ರಾಶಿಗಟ್ಟಲೆ ತಯಾರಾಗಿ ಮಾರಾಟಕ್ಕೆ ಬಂದದ್ದೂ ಅಲ್ಲಿಯೇ, ಓಲ್ಡ್ಸ್‌ಮೊಬೈಲ್ ಕಾರಿನ 1940ರ ಮಾದರಿಯಲ್ಲಿ, ಹೈಡ್ರಾಮ್ಯಾಟಿಕ್ ಎಂಬ ಹೆಸರಲ್ಲಿ. ಅದರ ಹಿಂದಿದ್ದ ಎಂಜಿನಿಯರ್ ಅರ್ಲ್ ಥಾಂಪ್ಸನ್. ತಮಾಷೆಯೆಂದರೆ, ಡಬಲ್ ಕ್ಲಚ್ಚಿನ ಕಷ್ಟ ತಪ್ಪಿಸಿದ ಸಿಂಕ್ರೋಮೆಶ್ ಕೂಡ ಆತನದೇ ಕೊಡುಗೆ. ಆಮೇಲೆ ಬಂದ ಪವರ್‌ಗ್ಲೈಡ್, ಕ್ರೈಸ್ಲರಿನ ಟಾರ್ಕ್‌ಫ್ಲೈಟ್ 727, ಜನರಲ್ ಮೋಟಾರ್ಸ್‌ನ ಟರ್ಬೊ 400 ಪೆಟ್ಟಿಗೆಗಳು ನೇರ ರಸ್ತೆಯ ಡ್ರ್ಯಾಗ್ ರೇಸಿನವರ ಕೈಗೆ ಸಿಕ್ಕವು. ಕ್ಷಣದ ಚೂರಿನಲ್ಲಿ ಗೆಲುವು ನಿರ್ಧಾರವಾಗುವಲ್ಲಿ ಗೇರ್ ಯಾವಾಗ ಬೀಳಬೇಕೆಂಬುದನ್ನು ಎಣ್ಣೆಯ ಇಷ್ಟಕ್ಕೆ ಬಿಡಲು ಅವರು ಸಿದ್ಧರಿರಲಿಲ್ಲ. ಕ್ಲಚ್ ಒತ್ತುವ ಹೊತ್ತೂ ಅವರಿಗೆ ದುಬಾರಿ. ಹೀಗೆ ಎರಡರ ನಡುವಿನ ದಾರಿಯಾಗಿ ಮ್ಯಾನ್ಯುವಲ್ ವಾಲ್ವ್ ಬಾಡಿ ಬೆಳೆಯಿತು. ಲಿವರಿನ ಕ್ರಮವನ್ನೂ ತಿರುಗಿಸಿದರು: ಮುಂದಕ್ಕೆ ತಳ್ಳಿದರೆ ಮೇಲಿನ ಗೇರು ಎಂಬಂತಿದ್ದದ್ದನ್ನು, ಮುಂದಿನಿಂದ ಒಂದು, ಎರಡು, ಮೂರು ಎಂದು ಹಿಂದಕ್ಕೆ ಎಳೆಯುವಂತೆ ಮಾಡಿದರು. ಗಾಡಿ ಚಿಮ್ಮುವಾಗ ಮೈ ಹಿಂದಕ್ಕೇ ವಾಲುವುದರಿಂದ ಕೈಗೆ ಎಳೆಯುವುದೇ ಹಗುರ, ನ್ಯೂಟ್ರಲ್ಲಿಗೆ ತಪ್ಪಿ ಬೀಳುವ ಭಯವೂ ಕಡಿಮೆ.

ಕಳೆದುಕೊಳ್ಳುವುದೂ ಇದೆ, ಅದನ್ನು ಮಾರುವವರು ಮೆಲ್ಲಗೆ ಹೇಳುತ್ತಾರೆ. ಕಾರ್ಖಾನೆಯ ಪೆಟ್ಟಿಗೆ ನೂರರ ವೇಗದಲ್ಲಿ ಒಂದನೇ ಗೇರಿಗೆ ಎಳೆದರೂ ಸಾಮಾನ್ಯವಾಗಿ ಒಪ್ಪುವುದಿಲ್ಲ, ಗವರ್ನರ್ ತಡೆಯುತ್ತದೆ. ಬದಲಿಸಿದ್ದು ಕೇಳಿದ್ದನ್ನು ಕೊಟ್ಟುಬಿಡುತ್ತದೆ: ಎಂಜಿನ್ ಚೀರುತ್ತದೆ, ಎಳೆಯುವ ಚಕ್ರಗಳು ಕಚ್ಚಿಕೊಳ್ಳಬಹುದು. ಸಿಗ್ನಲ್ಲಿನಲ್ಲಿ ನಿಂತಾಗ ಒಂದಕ್ಕೆ ಇಳಿಸಲು ಮರೆತರೆ ಮೂರರಲ್ಲೇ ಎದ್ದು, ಕನ್ವರ್ಟರಿನ ಎಣ್ಣೆ ಕಾದು, ಕೆಂಪಗಿದ್ದದ್ದು ಕಂದಾಗಿ ಸುಟ್ಟ ವಾಸನೆ ಬರುತ್ತದೆ. 727ರ ಕಥೆ ಇನ್ನೂ ಭೀಕರ. ಒಂದನೇ ಗೇರಿನಲ್ಲಿ ಒಂದೇ ದಿಕ್ಕಿಗೆ ಹಿಡಿಯುವ ಅದರ ಸ್ಪ್ರಾಗ್ ಮುರಿದರೆ ಮುಂದಿನ ಕ್ಲಚ್ ಡ್ರಮ್ ಎಂಜಿನ್ನಿಗಿಂತ ಬಹಳ ವೇಗವಾಗಿ ಸುತ್ತಿ ಸಿಡಿಯಬಲ್ಲದು, ಚೂರುಗಳು ಚಾಲಕನ ಕಾಲಿನ ಪಕ್ಕದಲ್ಲೇ. ಅದಕ್ಕೇ ಒಳ್ಳೆಯ ಕಸುಬುದಾರರು ಒಂದನೇ ಗೇರಿನಲ್ಲಿ ಬ್ಯಾಂಡ್ ಎಂಬ ಹಿಡಿಪಟ್ಟಿಯನ್ನೂ ಬಿಗಿಯುವಂತೆ ಕಾಲುವೆ ತಿದ್ದುತ್ತಾರೆ. ಆ ಒಂದು ಕಾಲುವೆ ನೋಡಿಯೇ ಮಾಡಿದವನಿಗೆ ಕೆಲಸ ಗೊತ್ತೋ ಇಲ್ಲವೋ ಎಂದು ಹೇಳಿಬಿಡಬಹುದು.

ನಮ್ಮ ರಸ್ತೆಯ ಇಂದಿನ ಕಾರುಗಳ ಮಾತು ಬೇರೆ. ಅವುಗಳಲ್ಲಿ ಎಣ್ಣೆಗೆ ಹೇಳುವುದು ಕಂಪ್ಯೂಟರ್, ಕೇಳುವುದು ಸೊಲೆನಾಯ್ಡ್ ಎಂಬ ವಿದ್ಯುತ್ ವಾಲ್ವ್. ಹಲವು ನಾಲ್ಕು ಗೇರಿನ ಪೆಟ್ಟಿಗೆಗಳಲ್ಲಿ ಗೇರ್ ಆಯುವ ಸೊಲೆನಾಯ್ಡ್ ಎರಡೇ. ಪ್ರತಿಯೊಂದೂ ಆನ್ ಅಥವಾ ಆಫ್, ಅಲ್ಲಿಗೆ ನಾಲ್ಕು ಜೋಡಣೆ, ನಾಲ್ಕು ಗೇರು. ಎರಡು ಸ್ವಿಚ್ಚಿನಿಂದ ಇದನ್ನು ಕೈಗೆ ತಂದುಕೊಳ್ಳಬಹುದೆಂದು ಕಂಡುಕೊಂಡ ಹವ್ಯಾಸಿಗಳಿದ್ದಾರೆ. ಆದರೆ ತನ್ನ ತಂತಿ ಕಿತ್ತರೆ ಕಂಪ್ಯೂಟರ್ ದೋಷ ದಾಖಲಿಸಿ ಪೆಟ್ಟಿಗೆಯನ್ನು ಒಂದೇ ಗೇರಿಗೆ ಸೀಮಿತಗೊಳಿಸುವುದೂ ಉಂಟು. ಸೆಲೆರಿಯೊ ಥರದ ಎಎಂಟಿಯಂತೂ ನಿಜವಾದ ಆಟೋಮ್ಯಾಟಿಕ್ಕೇ ಅಲ್ಲ. ಅದು ಮಾಮೂಲಿ ಗೇರ್‌ಬಾಕ್ಸು, ಕ್ಲಚ್ ಒತ್ತಲು, ಗೇರ್ ಹಾಕಲು ಯಂತ್ರದ ಕೈ ಜೋಡಿಸಲಾಗಿದೆ. ಅದರಲ್ಲಿ ಬಿಚ್ಚಿ ತಿದ್ದಲು ವಾಲ್ವ್ ಬಾಡಿಯೇ ಇಲ್ಲ.

ಇನ್ನು ಮಧುಗಿರಿ ಕಚೇರಿಯವರೆಗೆ ಹೋಗುವ ಮಾತು. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ತಯಾರಕರು ಕೊಟ್ಟ ವಿವರಕ್ಕೆ ವಿರುದ್ಧವಾಗಿ ಗಾಡಿ ಬದಲಿಸುವುದನ್ನು ತಡೆಯುತ್ತದೆ. ಕೇರಳದ ಪ್ರಕರಣವೊಂದರಲ್ಲಿ 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನು ಇನ್ನಷ್ಟು ಬಿಗಿಗೊಳಿಸಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಅನುಮತಿಯಿಲ್ಲದ ಪ್ರತಿ ಬದಲಾವಣೆಗೆ 5,000 ರೂಪಾಯಿ ದಂಡ ಅಥವಾ 6 ತಿಂಗಳವರೆಗೆ ಸೆರೆ, ಇಲ್ಲವೇ ಎರಡೂ ಎಂದಾಯಿತು. ರೇಸ್ ಟ್ರ್ಯಾಕಿನ ಗಾಡಿಗೆ ಈ ಕಸುಬು ಸರಿ. ದಿನಾ ಕೊರಟಗೆರೆ-ತುಮಕೂರು ಓಡಾಡುವ ಕಾರಿಗೆ ನಾನಂತೂ ಶಿಫಾರಸು ಮಾಡಲಾರೆ.

ಇಳಿಜಾರಿನ ತೊಂದರೆಗೆ ಮದ್ದು ಬೇಕೆನ್ನುವವರು ಮೊದಲು ಲಿವರಿನ ಪಕ್ಕದಲ್ಲೇ ಬರೆದಿರುವ ‘2’, ‘ಎಲ್’ ಅಥವಾ ಪ್ಲಸ್-ಮೈನಸ್ ಗುರುತುಗಳನ್ನು ನೋಡಲಿ. ಘಾಟಿ ಶುರುವಾಗುವ ಮುನ್ನವೇ, ವೇಗ ಇಳಿಸಿಕೊಂಡು, ಅಲ್ಲಿಗೆ ಹಾಕಿದರೆ ಗಾಡಿ ಕೆಳಗಿನ ಗೇರಿನಲ್ಲಿ ಹಿಡಿದು ಇಳಿಯುತ್ತದೆ. ಎಷ್ಟೋ ಕಾರುಗಳಲ್ಲಿ ಆ ಸ್ಥಾನಕ್ಕೆ ಲಿವರ್ ಕೊಂಡ ದಿನದಿಂದ ಒಮ್ಮೆಯೂ ಹೋಗಿರುವುದಿಲ್ಲ.