ಡಿಸ್ಚಾರ್ಜ್ ಬುಕ್ ಜೋಪಾನ: ಮಾಜಿ ಸೈನಿಕರಿಗೆ ಊರಲ್ಲೊಂದು ಆಸರೆ

ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಸುತ್ತಿನ ಹಳ್ಳಿಗಳಲ್ಲಿ ‘ಮಿಲ್ಟ್ರಿಯವರ ಮನೆ ಯಾವುದು’ ಎಂದು ಕೇಳಿದರೆ ಚಿಕ್ಕ ಮಕ್ಕಳೂ ದಾರಿ ತೋರಿಸುತ್ತಾರೆ. ಹದಿನೇಳೋ ಇಪ್ಪತ್ತೋ ವರ್ಷ ಸೇವೆ ಮುಗಿಸಿ ಬಂದವರು ಆಮೇಲೆ ರೇಷ್ಮೆ ಸಾಕಲಿ, ಮಾವಿನ ತೋಟ ಮಾಡಲಿ, ಡೇರಿಗೆ ಹಾಲು ಹಾಕಲಿ, ಊರಿನ ಬಾಯಲ್ಲಿ ಅವರು ಕೊನೆಯವರೆಗೂ ಮಿಲ್ಟ್ರಿಯವರೇ. ಅಂಥ ಮನೆಯ ಅಟ್ಟದ ಮೇಲೋ ಮಂಚದ ಕೆಳಗೋ ಕಪ್ಪು ಬಣ್ಣ ಬಳಿದ ತಗಡಿನ ಟ್ರಂಕೊಂದು ಇರುತ್ತದೆ. ಮುಚ್ಚಳದ ಮೇಲೆ ಬಿಳಿ ಅಕ್ಷರದಲ್ಲಿ ನಂಬರು, ರ‍್ಯಾಂಕು, ಹೆಸರು, ಯೂನಿಟ್ಟು. ಒಳಗೆ, ಪದಕಗಳ ಪಕ್ಕದಲ್ಲಿ, ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿಟ್ಟ ಡಿಸ್ಚಾರ್ಜ್ ಬುಕ್.

ಆ ಪುಸ್ತಕವನ್ನು ಒಮ್ಮೆ ತೆರೆದು ನೋಡಬೇಕು. ಭರ್ತಿಯಾದ ದಿನ, ಬಿಡುಗಡೆಯಾದ ದಿನ, ಯಾವ ಕಾರಣಕ್ಕೆ ಬಿಡುಗಡೆ, ಸೇವೆಯಲ್ಲಿ ನಡತೆ ಹೇಗಿತ್ತು, ಆರೋಗ್ಯದ ದರ್ಜೆ ಏನು, ಯಾವ ಪದಕ ಬಂತು, ಹೆಂಡತಿ ಮಕ್ಕಳ ಹೆಸರೇನು: ಒಬ್ಬ ಮನುಷ್ಯನ ಯೌವನವೆಲ್ಲ ಕೆಲವೇ ಪುಟಗಳಲ್ಲಿ ಕೂತಿರುತ್ತದೆ. ಸರ್ಕಾರದ ಕಣ್ಣಿಗೆ ಆತ ಮಾಜಿ ಸೈನಿಕ ಎನ್ನುವುದಕ್ಕೆ ಇದೇ ಆಧಾರ. ಇದರ ಜೊತೆಗೆ ಪಿಂಚಣಿ ಆದೇಶ, ಅಂದರೆ ಪಿಪಿಒ. ಈ ಎರಡು ಕಾಗದ ಸರಿಯಿದ್ದರೆ ಮುಂದಿನ ಎಲ್ಲ ಸೌಲಭ್ಯದ ಬಾಗಿಲು ತೆರೆಯುತ್ತದೆ. ಇವುಗಳಲ್ಲಿ ಒಂದಕ್ಷರ ತಪ್ಪಿದ್ದರೂ ಬಾಗಿಲಲ್ಲೇ ನಿಲ್ಲಬೇಕಾಗುತ್ತದೆ. ಗಡಿಯಲ್ಲಿ ಹಿಮ, ಮರಳು ಎರಡನ್ನೂ ಕಂಡು ಬಂದ ಗಟ್ಟಿ ಆಳು ಊರಿಗೆ ಬಂದ ಮೇಲೆ ಸೋಲುವುದು ಇಂಥ ಕಾಗದದ ಮುಂದೆ. ಮಾಜಿ ಸೈನಿಕರ ಸಂಘ ಮತ್ತು ಸೈನಿಕ ಕಲ್ಯಾಣ ಕಚೇರಿ ಎಂಬ ಎರಡು ಆಸರೆಗಳು ಬೇಕಾಗುವುದು ಆಗ.

ಇವೆರಡೂ ಒಂದೇ ಎಂದು ತಿಳಿದವರು ಬಹಳ ಮಂದಿ. ಒಂದು ಸರ್ಕಾರದ್ದು, ಇನ್ನೊಂದು ಸೈನಿಕರೇ ಕಟ್ಟಿಕೊಂಡದ್ದು. ಸರ್ಕಾರದ್ದಕ್ಕೆ ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಇಲಾಖೆ ಎಂದು ಹೆಸರು. ಹಳಬರು ಈಗಲೂ ‘ಸೈನಿಕ್ ಬೋರ್ಡ್’ ಎನ್ನುತ್ತಾರೆ. ದೆಹಲಿಯಲ್ಲಿ ರಕ್ಷಣಾ ಸಚಿವಾಲಯದ ಕೇಂದ್ರೀಯ ಸೈನಿಕ ಮಂಡಳಿ, ರಾಜ್ಯದಲ್ಲಿ ಇಲಾಖೆ, ಕೆಳಗೆ ಜಿಲ್ಲೆಗಳನ್ನು ನೋಡಿಕೊಳ್ಳುವ ಕಚೇರಿಗಳು. ರಾಮನಗರ 2007ರಲ್ಲಿ ಬೆಂಗಳೂರು ಗ್ರಾಮಾಂತರದಿಂದ ಬೇರೆಯಾಗಿ ಜಿಲ್ಲೆಯಾಯಿತು, 2025ರಲ್ಲಿ ಬೆಂಗಳೂರು ದಕ್ಷಿಣ ಎಂಬ ಹೊಸ ಹೆಸರೂ ಬಂತು. ಆದರೆ ಇಲ್ಲಿನ ಮಾಜಿ ಸೈನಿಕರು ಹೋಗಬೇಕಾದದ್ದು ಬೆಂಗಳೂರಿಗೇ, ಹಿಂದೆ ರೆಸಿಡೆನ್ಸಿ ರಸ್ತೆ ಎನ್ನುತ್ತಿದ್ದ ಫೀಲ್ಡ್ ಮಾರ್ಷಲ್ ಕೆ.ಎಂ. ಕಾರ್ಯಪ್ಪ ರಸ್ತೆಯ ಕಾರ್ಯಪ್ಪ ಭವನಕ್ಕೆ.

ಆ ಕಟ್ಟಡಕ್ಕೆ ಆ ಹೆಸರು ಸುಮ್ಮನೆ ಬಂದದ್ದಲ್ಲ. 1949ರ ಜನವರಿ 15ರಂದು ಭಾರತೀಯ ಸೇನೆಯ ಮೊದಲ ಭಾರತೀಯ ಮಹಾದಂಡನಾಯಕರಾದ ಕೊಡಗಿನ ಕಾರ್ಯಪ್ಪನವರು 1953ರ ಜನವರಿ 14ರಂದು ನಿವೃತ್ತರಾದರು. ಈಗ ಪ್ರತಿವರ್ಷ ಮಾಜಿ ಯೋಧರ ದಿನವನ್ನು ಆಚರಿಸುವುದು ಅದೇ ಜನವರಿ 14ರಂದು. ನಿವೃತ್ತಿಯ ನಂತರ ಕಾರ್ಯಪ್ಪನವರು ಸುಮ್ಮನೆ ಕೂರಲಿಲ್ಲ. ಊರೂರಿನಲ್ಲಿ ಚದುರಿಹೋದ ಮಾಜಿ ಸೈನಿಕರನ್ನು ಒಂದುಗೂಡಿಸಬೇಕೆಂದು 1964ರಲ್ಲಿ ಇಂಡಿಯನ್ ಎಕ್ಸ್‌ ಸರ್ವಿಸಸ್ ಲೀಗ್ ಹುಟ್ಟಿಕೊಳ್ಳಲು ಮುಂದೆ ನಿಂತವರು ಅವರೇ. ಇಂದು ನಮ್ಮ ತಾಲ್ಲೂಕುಗಳಲ್ಲಿ ಕಾಣುವ ಮಾಜಿ ಸೈನಿಕರ ಸಂಘಗಳೆಲ್ಲ ಲೀಗಿನ ಶಾಖೆಗಳೇನಲ್ಲ. ಕೆಲವು ಸ್ವತಂತ್ರ ಸಂಘಗಳು, ಕೆಲವು ರಾಜ್ಯಮಟ್ಟದ ಸಂಘಟನೆಗಳ ಜೊತೆ ಸೇರಿದವು. ಉದ್ದೇಶ ಮಾತ್ರ ಒಂದೇ.

ಮೊದಲು ಇಲಾಖೆಯ ನೋಂದಣಿ. ಸೇವೆಯಿಂದ ಬಿಡುಗಡೆಯಾಗಿ ಬಂದವರು ಡಿಸ್ಚಾರ್ಜ್ ಬುಕ್, ಪಿಪಿಒ, ಆಧಾರ್, ಬ್ಯಾಂಕ್ ಪಾಸ್‌ಬುಕ್, ಫೋಟೊ ಹಿಡಿದು ಹೋಗಿ ಹೆಸರು ಬರೆಸಬೇಕು. ಮಾಜಿ ಸೈನಿಕರ ಗುರುತಿನ ಚೀಟಿ ಅಲ್ಲೇ ಸಿಗುತ್ತದೆ. ಹೆಂಡತಿಯ ಹೆಸರಿನಲ್ಲೂ ಅವಲಂಬಿತರ ಚೀಟಿ ಮಾಡಿಸಿಕೊಳ್ಳಬಹುದು. ಕೆಲಸ ಬೇಕಾದವರು ಉದ್ಯೋಗಕ್ಕೂ ಅಲ್ಲೇ ಹೆಸರು ನೋಂದಾಯಿಸಬಹುದು. ಕೇಂದ್ರ ಸರ್ಕಾರದ ಗ್ರೂಪ್ ಸಿ ಹುದ್ದೆಗಳಲ್ಲಿ ನೂರಕ್ಕೆ 10, ಸಾರ್ವಜನಿಕ ಬ್ಯಾಂಕು ಮತ್ತು ಉದ್ದಿಮೆಗಳ ಅದೇ ದರ್ಜೆಯ ಹುದ್ದೆಗಳಲ್ಲಿ ನೂರಕ್ಕೆ 14.5 ಮಾಜಿ ಸೈನಿಕರಿಗೆ ಮೀಸಲು. ಮಕ್ಕಳು ಸಿಇಟಿಯಲ್ಲಿ ರಕ್ಷಣಾ ಕೋಟಾದ ಸೀಟು ಕೇಳುವುದಿದ್ದರೆ ಇಲಾಖೆಯ ಪ್ರಮಾಣಪತ್ರ ಬೇಕೇ ಬೇಕು. ಅಪ್ಪನ ನೋಂದಣಿಯೇ ಆಗಿಲ್ಲವೆಂದರೆ ಆ ಗಡಿಬಿಡಿಯಲ್ಲಿ ಮಗುವಿನ ಸೀಟು ಕೈತಪ್ಪುವ ಭಯ.

ಒಂದು ಎಚ್ಚರಿಕೆಯ ಮಾತು. ನಮ್ಮ ಹಳ್ಳಿಗಳಲ್ಲಿ ಸಿಆರ್‌ಪಿಎಫ್, ಬಿಎಸ್‌ಎಫ್, ಸಿಐಎಸ್‌ಎಫ್‌ನಿಂದ ನಿವೃತ್ತರಾದವರನ್ನೂ ಮಿಲ್ಟ್ರಿಯವರೆಂದೇ ಕರೆಯುತ್ತೇವೆ. ಗೌರವದಲ್ಲಿ ಭೇದವಿಲ್ಲ. ಆದರೆ ಕಾನೂನಿನ ಲೆಕ್ಕದಲ್ಲಿ ಅವರು ಗೃಹ ಸಚಿವಾಲಯದವರು. ಅವರ ಕಲ್ಯಾಣ ನೋಡಿಕೊಳ್ಳಲು ‘ವಾರ್ಬ್’ ಎಂದು ಕರೆಯುವ ಬೇರೆ ಮಂಡಳಿಯಿದೆ. ಭೂಸೇನೆ, ನೌಕಾಪಡೆ, ವಾಯುಪಡೆಯವರಿಗೆ ಮಾತ್ರ ಸೈನಿಕ ಕಲ್ಯಾಣ ಇಲಾಖೆ. ಇದು ತಿಳಿಯದೆ ಕಾರ್ಯಪ್ಪ ಭವನದ ಮೆಟ್ಟಿಲು ಹತ್ತಿ ಬರಿಗೈಲಿ ಇಳಿಯುವ ಕುಟುಂಬಗಳಿಗೆ ಯಾರಾದರೂ ಮೊದಲೇ ಹೇಳಿದ್ದರೆ ಒಂದು ದಿನದ ಕೂಲಿಯಾದರೂ ಉಳಿಯುತ್ತಿತ್ತು.

ಚನ್ನಪಟ್ಟಣ, ರಾಮನಗರದವರಿಗೆ ಮೈಸೂರು ಮಾರ್ಗದ ರೈಲಿದೆ. ಕನಕಪುರ, ಮಾಗಡಿಗೆ ರೈಲೇ ಇಲ್ಲ. ಕೋಡಿಹಳ್ಳಿಯ ಆಚೆಯ ಹಳ್ಳಿಯಿಂದ ಎಪ್ಪತ್ತು ದಾಟಿದ ಹೆಂಗಸೊಬ್ಬಳು ಮೊದಲ ಬಸ್ಸು ಹಿಡಿದು ಕನಕಪುರಕ್ಕೆ, ಅಲ್ಲಿಂದ ಬೆಂಗಳೂರಿಗೆ, ಬೆಂಗಳೂರಿನೊಳಗೆ ಮತ್ತೊಂದು ಬಸ್ಸು ಹತ್ತಿ ಕಚೇರಿ ತಲುಪಿದಾಗ, ‘ಈ ಕಾಗದ ಸಾಲದಮ್ಮ, ಇನ್ನೊಂದು ತನ್ನಿ’ ಎಂದರೆ ಆಕೆಯ ಪಾಡೇನು? ತಾಲ್ಲೂಕು ಸಂಘದ ಬೆಲೆ ತಿಳಿಯುವುದು ಇಲ್ಲೇ. ಯಾವ ಅರ್ಜಿಗೆ ಯಾವ ಕಾಗದ ಬೇಕು, ಯಾರ ಸಹಿ ಬೇಕು ಎಂಬುದನ್ನು ಊರಲ್ಲೇ ನೋಡಿ, ಜೋಡಿಸಿ, ಪರೀಕ್ಷಿಸಿ ಕಳಿಸುವವರು ಬೇಕು. ಹವಾಲ್ದಾರರಾಗಿಯೋ ಸುಬೇದಾರರಾಗಿಯೋ ನಿವೃತ್ತರಾದ, ಯೂನಿಟ್ಟಿನಲ್ಲಿ ಕ್ಲರ್ಕ್ ಕೆಲಸ ಮಾಡಿ ಬಂದ ಒಬ್ಬರು ಸಂಘದಲ್ಲಿದ್ದರೆ ಸಾಕು, ಅರ್ಧ ಊರಿನ ಕಷ್ಟ ಕರಗುತ್ತದೆ.

ಹೆಚ್ಚು ತೊಡಕಾಗುವುದು ಹೆಂಡತಿಯ ಹೆಸರು. ಮದುವೆಯಾದ ಹೊಸದರಲ್ಲಿ ಸೈನಿಕ ರಜೆ ಮುಗಿಸಿ ಹೋಗಿ ಯೂನಿಟ್ಟಿನಲ್ಲಿ ಹೆಸರು ಬರೆಸುತ್ತಾನೆ. ಮನೆಯಲ್ಲಿ ಕರೆಯುವುದು ಗಂಗಮ್ಮ, ಶಾಲೆಯ ದಾಖಲೆಯಲ್ಲಿ ಸಿದ್ಧಗಂಗಮ್ಮ, ಕನ್ನಡ ಬಾರದ ಗುಮಾಸ್ತ ಇಂಗ್ಲಿಷಿನಲ್ಲಿ ಬರೆದುಕೊಂಡದ್ದು ಮತ್ತೊಂದು. ಮೂವತ್ತು ವರ್ಷ ಕಳೆದು ಆಧಾರ್ ಬಂದಾಗ ಅದರಲ್ಲಿ ಇನ್ನೊಂದು ರೂಪ, ಹುಟ್ಟಿದ ದಿನವಂತೂ ಅಂದಾಜಿನದು. ಗಂಡ ಬದುಕಿರುವವರೆಗೆ ಇದು ಯಾರ ಗಮನಕ್ಕೂ ಬರುವುದಿಲ್ಲ, ಪಿಂಚಣಿ ತಿಂಗಳು ತಿಂಗಳು ಬೀಳುತ್ತಲೇ ಇರುತ್ತದೆ. ಆತ ಕಣ್ಣುಮುಚ್ಚಿದ ಮೇಲೆ ಕುಟುಂಬ ಪಿಂಚಣಿಗೆ ಅರ್ಜಿ ಹಾಕಿದಾಗ ಪಿಪಿಒದಲ್ಲಿರುವ ಹೆಂಗಸು, ಆಧಾರ್‌ನಲ್ಲಿರುವ ಹೆಂಗಸು ಬೇರೆ ಬೇರೆ ಎನ್ನುತ್ತದೆ ಕಂಪ್ಯೂಟರು. ಈಗ ಪಿಂಚಣಿ ವ್ಯವಹಾರವೆಲ್ಲ ‘ಸ್ಪರ್ಶ್’ ಎಂಬ ಆನ್‌ಲೈನ್ ವ್ಯವಸ್ಥೆಗೆ ಬಂದಿರುವುದರಿಂದ ಹೆಸರು, ಜನ್ಮದಿನ ಎರಡೂ ಹೊಂದಿಕೆಯಾಗಲೇಬೇಕು.

ಗಂಡ ಇರುವಾಗ ಇದನ್ನು ಸರಿಪಡಿಸುವುದು ಅಷ್ಟೇನೂ ಕಷ್ಟವಲ್ಲ. ಪ್ರಮಾಣಪತ್ರ ಮಾಡಿಸಿ, ಆಧಾರಗಳನ್ನು ಲಗತ್ತಿಸಿ, ಸೈನಿಕ ಕಲ್ಯಾಣ ಕಚೇರಿಯ ಮೂಲಕ ಆಯಾ ರೆಕಾರ್ಡ್ ಆಫೀಸಿಗೆ ಕಳಿಸಬೇಕು. ಮದ್ರಾಸ್ ರೆಜಿಮೆಂಟಿನವರ ದಾಖಲೆ ನೀಲಗಿರಿಯ ವೆಲ್ಲಿಂಗ್ಟನ್‌ನಲ್ಲಿ, ಮರಾಠಾ ಲೈಟ್ ಇನ್‌ಫೆಂಟ್ರಿಯವರದು ಬೆಳಗಾವಿಯಲ್ಲಿ, ಮದ್ರಾಸ್ ಎಂಜಿನಿಯರ್ ಗ್ರೂಪಿನವರದು ಬೆಂಗಳೂರಿನಲ್ಲೇ, ತೋಪುಖಾನೆಯವರದು ನಾಸಿಕದಲ್ಲಿ. ಅಲ್ಲಿ ದಾಖಲೆ ತಿದ್ದಿದ ಮೇಲೆ ಪ್ರಯಾಗರಾಜದ ಪಿಂಚಣಿ ಲೆಕ್ಕಪತ್ರ ಕಚೇರಿಯಿಂದ ತಿದ್ದುಪಡಿಯಾದ ಪಿಪಿಒ ಬರುತ್ತದೆ. ಗಂಡನಿಲ್ಲದ ಮೇಲೆ ಇದೇ ಕೆಲಸ ಹೆಂಗಸಿನ ತಲೆಯ ಮೇಲೆ ಬೀಳುತ್ತದೆ. ಸಂಘದ ಸಭೆಗೆ ಗಂಡಸರಷ್ಟೇ ಬರುವ ರೂಢಿ ನಿಲ್ಲಬೇಕು ಎಂದು ನಾನು ಬಲವಾಗಿ ಹೇಳುವುದು ಇದಕ್ಕೇ. ಸದಸ್ಯತ್ವ ಪಡೆಯುವ ದಿನ ಗಂಡ ಹೆಂಡತಿ ಇಬ್ಬರೂ ಹೋಗಬೇಕು. ಟ್ರಂಕಿನ ಕೀಲಿ ಎಲ್ಲಿದೆ, ಯಾವ ಕಾಗದ ಯಾವುದಕ್ಕೆ, ಕಷ್ಟ ಬಂದರೆ ಸಂಘದಲ್ಲಿ ಯಾರನ್ನು ಕೇಳಬೇಕು, ಇದಿಷ್ಟು ಆಕೆಗೆ ಗೊತ್ತಿರಬೇಕು.

ನೆರವಿನ ವಿಷಯಕ್ಕೆ ಬಂದರೆ, ಪಿಂಚಣಿ ಇಲ್ಲದವರನ್ನೇ ಮೊದಲು ನೆನೆಯಬೇಕು. ಸಿಪಾಯಿಗಳಿಗೆ ಪಿಂಚಣಿ ಸಿಗಲು ಸಾಮಾನ್ಯವಾಗಿ 15 ವರ್ಷದ ಸೇವೆ ಬೇಕು. 1965, 1971ರ ಯುದ್ಧಗಳ ಕಾಲದಲ್ಲಿ ಸೇರಿ, ಅಷ್ಟು ವರ್ಷ ತುಂಬುವ ಮೊದಲೇ ಮನೆಗೆ ಬಂದವರಿದ್ದಾರೆ. ಹವಾಲ್ದಾರ್ ಅಥವಾ ಅದಕ್ಕಿಂತ ಕೆಳಗಿನ ದರ್ಜೆಯವರಾಗಿದ್ದು, ಪಿಂಚಣಿಯಿಲ್ಲದೆ 65 ದಾಟಿದ್ದರೆ ಅವರಿಗೂ ಅವರ ವಿಧವೆಯರಿಗೂ ರಕ್ಷಣಾ ಮಂತ್ರಿಗಳ ಕಲ್ಯಾಣ ನಿಧಿಯಿಂದ ಮಾಸಿಕ ನೆರವುಂಟು. ತಿಂಗಳಿಗೆ 4,000 ರೂಪಾಯಿ ಇದ್ದದ್ದು 2025ರ ನವೆಂಬರ್ 1ರಿಂದ ಸಲ್ಲಿಸುವ ಅರ್ಜಿಗಳಿಗೆ 8,000 ಆಗಿದೆ. ಅದೇ ಆದೇಶದಲ್ಲಿ ಇಬ್ಬರು ಮಕ್ಕಳವರೆಗೆ ಓದಿನ ನೆರವು ತಿಂಗಳಿಗೆ 1,000ದಿಂದ 2,000ಕ್ಕೆ, ಹೆಣ್ಣುಮಕ್ಕಳ ಮದುವೆಯ ನೆರವು 50,000ದಿಂದ 1 ಲಕ್ಷಕ್ಕೆ ಏರಿತು. ಮದುವೆಯ ನೆರವಿಗೆ ಮದುವೆಯಾದ 180 ದಿನದೊಳಗೆ ಅರ್ಜಿ ಹಾಕಬೇಕು. ಸಾಲ ಮಾಡಿ ಮದುವೆ ಮುಗಿಸಿ, ವರ್ಷ ಕಳೆದ ಮೇಲೆ ವಿಷಯ ತಿಳಿದು ಕೈಹಿಸುಕಿಕೊಳ್ಳುವಂತೆ ಆಗಬಾರದು.

ಈ ನಿಧಿಗೆ ಹಣ ಬರುವುದು ಸಶಸ್ತ್ರ ಪಡೆಗಳ ಧ್ವಜ ನಿಧಿಯಿಂದ. 1949ರಿಂದ ಪ್ರತಿ ಡಿಸೆಂಬರ್ 7ರಂದು ಕೆಂಪು, ಕಡುನೀಲಿ, ತಿಳಿನೀಲಿ ಬಣ್ಣದ ಪುಟ್ಟ ಧ್ವಜವನ್ನು ಶಾಲೆ, ಕಚೇರಿಗಳಲ್ಲಿ ಕೊಟ್ಟು ದೇಣಿಗೆ ಪಡೆಯುತ್ತಾರಲ್ಲ, ಅದೇ. ಮಕ್ಕಳು ಅಂಗಿಗೆ ಚುಚ್ಚಿಕೊಂಡ ಧ್ವಜದ ಹತ್ತು ರೂಪಾಯಿ ಯಾವುದೋ ಹಳ್ಳಿಯ ಒಬ್ಬ ಮುದುಕಿಯ ಔಷಧಿಗೆ ಸೇರುತ್ತದೆ ಎನ್ನುವುದನ್ನು ಮೇಷ್ಟರುಗಳು ತರಗತಿಯಲ್ಲಿ ಹೇಳಿದರೆ ಚೆನ್ನ.

ವೃತ್ತಿಪರ ಕೋರ್ಸ್ ಓದುವ ಮಕ್ಕಳಿಗೆ ಪ್ರಧಾನಮಂತ್ರಿ ವಿದ್ಯಾರ್ಥಿವೇತನವಿದೆ. ಹೆಣ್ಣುಮಕ್ಕಳಿಗೆ ತಿಂಗಳಿಗೆ 3,000, ಗಂಡುಮಕ್ಕಳಿಗೆ 2,500. ಪಿಯುಸಿಯಲ್ಲಿ ಶೇ 60 ಅಂಕ ಬೇಕು. ಪಿಂಚಣಿದಾರರ ಚಿಕಿತ್ಸೆಗೆ 2003ರಲ್ಲಿ ಶುರುವಾದ ಇಸಿಎಚ್‌ಎಸ್ ಕಾರ್ಡ್. ಜಮೀನಿನ ವಿಷಯದಲ್ಲಿ ರಾಜ್ಯದ ಭೂ ಮಂಜೂರಾತಿ ನಿಯಮಗಳಲ್ಲಿ ಸೈನಿಕರಿಗೆ ಮೀಸಲಿದೆ. ಆದರೆ ಬೆಂಗಳೂರಿನ ಮಗ್ಗುಲಿನ ಈ ತಾಲ್ಲೂಕುಗಳಲ್ಲಿ ಸರ್ಕಾರಿ ಜಮೀನು ಉಳಿದಿರುವುದೇ ಕಡಿಮೆ, ಇದನ್ನೇ ನಂಬಿ ವರ್ಷಗಟ್ಟಲೆ ಅಲೆಯುವಂತಿಲ್ಲ. ಇರುವ ಜಮೀನಿನ ತಕರಾರಿಗೆ, ಕುಟುಂಬದ ವ್ಯಾಜ್ಯಕ್ಕೆ ಹೊಸದೊಂದು ಅನುಕೂಲ ಬಂದಿದೆ. ರಾಷ್ಟ್ರೀಯ ಕಾನೂನು ಸೇವಾ ಪ್ರಾಧಿಕಾರ 2025ರ ಜುಲೈ 26ರ ಕಾರ್ಗಿಲ್ ವಿಜಯ ದಿನದಂದು ‘ವೀರ ಪರಿವಾರ ಸಹಾಯತಾ’ ಯೋಜನೆ ಶುರುಮಾಡಿ, ಸೈನಿಕ ಕುಟುಂಬಗಳಿಗೆ ಉಚಿತ ಕಾನೂನು ನೆರವು ಕೊಡಲು ಮುಂದೆ ಬಂದಿದೆ. ಮಗ ಗಡಿಯಲ್ಲಿರುವಾಗ ಇಲ್ಲಿ ಬದು ಒತ್ತುವರಿಯಾದರೆ ಮುದಿ ತಂದೆತಾಯಿ ಇದನ್ನು ಬಳಸಿಕೊಳ್ಳಬಹುದು.

ಇನ್ನು ತಾಲ್ಲೂಕು ಸಂಘಕ್ಕೆ ಸೇರುವುದು. ಪ್ರವೇಶ ಶುಲ್ಕ, ವಾರ್ಷಿಕ ವಂತಿಗೆ, ಡಿಸ್ಚಾರ್ಜ್ ಬುಕ್‌ನ ಜೆರಾಕ್ಸ್, ಫೋಟೊ, ಸಾಮಾನ್ಯವಾಗಿ ಇಷ್ಟೇ. ಸೇರುವ ಮುಂಚೆ ಎರಡು ವಿಷಯ ಕೇಳಿ ತಿಳಿಯಿರಿ. ಸಂಘ 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಡಿ ನೋಂದಣಿಯಾಗಿದೆಯೇ, ವರ್ಷ ವರ್ಷ ಲೆಕ್ಕಪತ್ರ ಸಭೆಯ ಮುಂದೆ ಇಡುತ್ತಾರೆಯೇ? ಕೊಟ್ಟ ದುಡ್ಡಿಗೆ ರಸೀದಿ ಕೇಳಲು ಸಂಕೋಚ ಬೇಡ. ಇಲಾಖೆಯ ನೆರವಿಗೆ ಅರ್ಜಿ ಹಾಕಲು ಯಾರಿಗೂ ಕಮಿಷನ್ ಕೊಡಬೇಕಿಲ್ಲ. ‘ಬಾಕಿ ಪಿಂಚಣಿ ಕೊಡಿಸುತ್ತೇವೆ, ಓಟಿಪಿ ಹೇಳಿ’ ಎಂದು ಫೋನು ಬಂದರೆ ಅದು ಮೋಸವೇ.

ಸಂಘಗಳಲ್ಲೂ ಬದಲಾಗಬೇಕಾದದ್ದಿದೆ. ಸ್ವಾತಂತ್ರ್ಯ ದಿನಾಚರಣೆಯ ಮೆರವಣಿಗೆ, ಸನ್ಮಾನ, ಶಾಲು ಹಾರ ಬೇಕು, ಅದು ಊರು ಕೊಡುವ ಗೌರವ. ಆದರೆ ತಿಂಗಳಿಗೊಂದು ಭಾನುವಾರ ಕೂತು ನಾಲ್ಕು ವಿಧವೆಯರ ಕಾಗದ ನೋಡಿಕೊಟ್ಟ ಸಂಘ ಹತ್ತು ಸನ್ಮಾನ ಮಾಡಿದ ಸಂಘಕ್ಕಿಂತ ದೊಡ್ಡದು. ನವೆಂಬರ್‌ನಲ್ಲಿ ಜೀವನ ಪ್ರಮಾಣಪತ್ರ ಕೊಡುವ ಹೊತ್ತಿಗೆ ಬೆರಳಚ್ಚು ಸವೆದುಹೋದ ಮುದುಕರ ಮನೆಗೇ ಹೋಗಿ ಮೊಬೈಲಿನಲ್ಲಿ ಮುಖಚಿತ್ರ ತೆಗೆದು ಸಲ್ಲಿಸಿಕೊಡುವ ಕೆಲಸವನ್ನು ಈಚೆಗೆ ನಿವೃತ್ತರಾದ ಹುಡುಗರು ವಹಿಸಿಕೊಳ್ಳಬಹುದು. ಇಲಾಖೆಯವರೂ ತಿಂಗಳಿಗೊಮ್ಮೆ ಈ ನಾಲ್ಕೂ ತಾಲ್ಲೂಕು ಕೇಂದ್ರಗಳಲ್ಲಿ ಸರದಿಯಂತೆ ಕೂತು ಅರ್ಜಿ ತೆಗೆದುಕೊಳ್ಳುವಂತಾಗಬೇಕು.

ಅಗ್ನಿವೀರರ ಮಾತೂ ಬರಲಿ. 2022ರಲ್ಲಿ ಬಂದ ಯೋಜನೆಯಡಿ ನಾಲ್ಕು ವರ್ಷ ಮುಗಿಸಿ ಮರಳುವ ಹುಡುಗರಿಗೆ ಸೇವಾನಿಧಿಯ ಇಡುಗಂಟು ಸಿಗುತ್ತದೆ, ಆದರೆ ಯೋಜನೆಯ ಪ್ರಕಾರ ಪಿಂಚಣಿಯೂ ಇಲ್ಲ, ಮಾಜಿ ಸೈನಿಕ ಸ್ಥಾನವೂ ಇಲ್ಲ. ಇಲಾಖೆಯ ನಿಯಮ ಏನೇ ಹೇಳಲಿ, ತಾಲ್ಲೂಕು ಸಂಘಗಳು ಅವರಿಗೆ ಬಾಗಿಲು ಮುಚ್ಚಬಾರದು.

ನಿಮ್ಮ ಮನೆಯಲ್ಲಿ ಅಥವಾ ಬೀದಿಯಲ್ಲಿ ಮಿಲ್ಟ್ರಿಯವರ ಮನೆ ಇದ್ದರೆ ಈ ವಾರವೇ ಹೋಗಿ ಕೇಳಿ: ಡಿಸ್ಚಾರ್ಜ್ ಬುಕ್ ಎಲ್ಲಿದೆ, ಪಿಪಿಒದಲ್ಲಿ ಯಜಮಾನಿಯ ಹೆಸರು ಆಧಾರ್‌ನಲ್ಲಿರುವಂತೆಯೇ ಇದೆಯೇ, ಕಾರ್ಯಪ್ಪ ಭವನದಲ್ಲಿ ಹೆಸರು ನೋಂದಣಿಯಾಗಿದೆಯೇ. ಮೂರರಲ್ಲಿ ಒಂದಕ್ಕೆ ‘ಇಲ್ಲ’ ಎಂಬ ಉತ್ತರ ಬಂದರೂ ಅವರನ್ನು ತಾಲ್ಲೂಕಿನ ಸಂಘಕ್ಕೆ ಕರೆದುಕೊಂಡು ಹೋಗಿ.